ಗೋಡೆಯ ಮುಂದೆ ಹತ್ತು ನಿಮಿಷ

ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ ಲ್ಯಾಕ್ರೋಸ್. ಅಮೆರಿಕದಲ್ಲಿ ಅದನ್ನು ಆಡುವ ಮಕ್ಕಳಿರುವ ಮನೆಗಳಲ್ಲಿ ಬೇಸಿಗೆಯ ಶನಿವಾರ, ಭಾನುವಾರಗಳು ಟೂರ್ನಿಗೇ ಮೀಸಲು. ಊರಿಂದೂರಿಗೆ ಕಾರಿನಲ್ಲಿ ಹೊತ್ತೊಯ್ದು ಎರಡು ದಿನದಲ್ಲಿ ನಾಲ್ಕೈದು ಪಂದ್ಯ ಆಡಿಸಿದರೆ ಮಗುವಿನ ಆಟ ತಾನಾಗಿ ಕುದುರುತ್ತದೆಂಬ ನಂಬಿಕೆ. ಕೂತು ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಹೈಸ್ಕೂಲು ಹುಡುಗರ ಪಂದ್ಯ 48 ನಿಮಿಷದ್ದು. ತಂಡಕ್ಕೆ ಹತ್ತರಂತೆ ಮೈದಾನದಲ್ಲಿ 20 ಮಂದಿ, ಚೆಂಡು ಒಂದೇ. ಸಮನಾಗಿ ಹಂಚಿದರೂ ಒಬ್ಬನ ಪಾಲಿಗೆ ಎರಡೂವರೆ ನಿಮಿಷವೂ ಬರುವುದಿಲ್ಲ. ಚೆಂಡು ಗಾಳಿಯಲ್ಲಿರುವ, ನೆಲದಲ್ಲಿ ಉರುಳುವ ಹೊತ್ತನ್ನು ಕಳೆದರೆ ಇನ್ನೂ ಕಡಿಮೆ. ಮೇಲಾಗಿ ಸಮಪಾಲು ಎಂಬುದೆಲ್ಲಿ? ಚುರುಕಾದ ಇಬ್ಬರು ಮೂವರ ಬಲೆಯಲ್ಲೇ ಚೆಂಡು ಸುತ್ತುತ್ತಿರುತ್ತದೆ. ಅದೇ ಹುಡುಗ ಕಿಟಕಿಯಿಲ್ಲದ ಒಂದು ಗೋಡೆ ಹುಡುಕಿಕೊಂಡು (ಇದು ಗಟ್ಟಿ ರಬ್ಬರಿನ ಚೆಂಡು, ಗಾಜನ್ನು ಉಳಿಸುವುದಿಲ್ಲ) ಎಸೆದು ಹಿಡಿಯುತ್ತ ನಿಂತರೆ, ಒಂದು ಸಲಕ್ಕೆ ಮೂರು ಸೆಕೆಂಡು ಎಂದುಕೊಂಡರೂ ಹತ್ತು ನಿಮಿಷಕ್ಕೆ 200 ಸಲ ಕೈ ಆಡಿರುತ್ತದೆ.

ಆ 200ರಲ್ಲಿ ಅರ್ಧಕ್ಕಿಂತ ಹೆಚ್ಚು ಬಾರದ ಕೈಯಲ್ಲಿ ನಡೆಯಬೇಕು ಎಂಬುದು ನನ್ನ ವಾದ. ಬಾರದ ಕೈ ಎಂದರೆ ಒಂದು ಕೈಯ ಮಾತಲ್ಲ. ಬಲಗೈ ಹುಡುಗ ಕೋಲು ಹಿಡಿದಾಗ ಬಲಗೈ ಮೇಲೆ, ಎಡಗೈ ಬುಡದಲ್ಲಿ. ಎಸೆಯುವಾಗ ಮೇಲಿನ ಕೈ ದಿಕ್ಕು ತೋರಿಸುತ್ತದೆ, ಬುಡದ ಕೈ ಕೋಲನ್ನು ಮೈಯತ್ತ ಎಳೆಯುತ್ತದೆ. ಆ ಎಳೆತಕ್ಕೇ ಬಲೆಯಿಂದ ಚೆಂಡು ಚಿಮ್ಮುವುದು. ಕೈ ಬದಲಿಸಿದೊಡನೆ ಎರಡೂ ಕೈಗಳ ಕೆಲಸ ಅದಲುಬದಲಾಗುತ್ತದೆ. ಇಷ್ಟು ದಿನ ದಿಕ್ಕು ತೋರಿಸಿಕೊಂಡಿದ್ದ ಬಲಗೈಗೆ ಎಳೆಯಲು ಬಾರದು. ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ. ಹುಡುಗ ಮೇಲಿನ ಕೈಯೊಂದರಿಂದಲೇ ತಳ್ಳುತ್ತಾನೆ, ಚೆಂಡು ಕಾಲ ಬಳಿ ಕುಕ್ಕುತ್ತದೆ. ‘ಎಡಗೈಗೆ ಬಲ ಸಾಲದು’ ಎಂದು ಡಂಬೆಲ್ ಹಿಡಿಸುವವರಿದ್ದಾರೆ. ಸಾಲದ್ದು ಬಲವಲ್ಲ, ರೂಢಿ. ಗೋಡೆ ಅದನ್ನು ಆಗಿಂದಾಗ್ಗೆ ತೋರಿಸಿಕೊಡುತ್ತದೆ. ತಲೆಯೆತ್ತರದಲ್ಲಿ ಸೀಮೆಸುಣ್ಣದ ಒಂದು ಗುರುತು ಹಾಕಿಕೊಂಡರೆ, ಎಸೆತ ಎಲ್ಲಿ ತಪ್ಪಿತೆಂದು ಹೇಳಲು ಕೋಚ್ ಬೇಕಿಲ್ಲ.

ಗೋಡೆಗೆ ಕಾಲಿಲ್ಲ, ಅದು ಅಡ್ಡ ಬರುವುದಿಲ್ಲ, ಕೋಲಿನಿಂದ ಕೈಗೆ ಬಡಿಯುವುದಿಲ್ಲ. ಪಂದ್ಯದ ಒತ್ತಡ ಅಲ್ಲೆಲ್ಲಿ ಬಂತು ಎಂದು ಕೇಳಬಹುದು. ನಿಜವೇ. ಆದರೆ ಒತ್ತಡದಲ್ಲಿ ಎಳೆಯರ ಆಟ ಕೆಡುವುದು ಎಲ್ಲಿ ಎಂದು ಗಮನಿಸಿ. ಓಡುವಾಗ ಚೆಂಡು ಬೀಳದಂತೆ ಕೋಲನ್ನು ತೂಗುವುದಕ್ಕೆ ಇಂಗ್ಲಿಷಿನಲ್ಲೂ ತೊಟ್ಟಿಲು ತೂಗುವ ಮಾತೇ ಇದೆ. ಹೊಸಬ ತಾಯಿಯಂತೆಯೇ ಮತ್ತೆಮತ್ತೆ ಬಲೆಯೊಳಗೆ ಇಣುಕುತ್ತಾನೆ. ಇಣುಕಿದ ಅರೆಕ್ಷಣದಲ್ಲಿ ಗೋಲಿನ ಬಳಿ ತೆರವಾಗಿದ್ದ ಜೊತೆಗಾರ ಕಾಣದೆ ಹೋಗುತ್ತಾನೆ. ಕೈ ಪಳಗಿದರೆ ಕಣ್ಣಿಗೆ ಬಿಡುವು. ಗೋಡೆ ಆಟದ ಬುದ್ಧಿ ಕಲಿಸುವುದಿಲ್ಲ, ಆ ಬುದ್ಧಿ ಓಡಾಡಲು ಜಾಗ ಮಾಡಿಕೊಡುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕೆನಡಾದಿಂದ ಬರುತ್ತದೆ. ಅಲ್ಲಿ 1930ರ ದಶಕದಲ್ಲಿ ಐಸ್ ಹಾಕಿ ಅಂಗಣಗಳೊಳಗೆ ಹುಟ್ಟಿದ ಬಾಕ್ಸ್ ಲ್ಯಾಕ್ರೋಸ್‌ನಲ್ಲಿ ತಂಡಕ್ಕೆ ಆರೇ ಮಂದಿ. ಎಡಗೈಯವರು ಬಲಬದಿಯಲ್ಲಿ, ಬಲಗೈಯವರು ಎಡಬದಿಯಲ್ಲಿ ನಿಂತು, ಬಹುತೇಕ ಒಂದೇ ಕೈಯಲ್ಲಿ ಇಡೀ ಆಟ ಮುಗಿಸುತ್ತಾರೆ. ಹಾಗಿದ್ದೂ ಗೋಲಿನ ಹತ್ತಿರ ಅವರ ನಯ ಯಾರಿಗೂ ಬಾರದು. ನಾಲ್ಕಡಿ ಎತ್ತರದ ಗೋಲು, ಅದನ್ನು ಮುಚ್ಚಿಬಿಡುವಷ್ಟು ದಪ್ಪ ಕವಚ ತೊಟ್ಟ ಗೋಲ್‌ಕೀಪರ್. ಹುಸಿ ಎಸೆತ ತೋರಿಸಿ ಅವನನ್ನು ಅಲುಗಿಸದೆ ಚೆಂಡು ಒಳಗೆ ಹೋಗದು. ಬ್ರಿಟಿಷ್ ಕೊಲಂಬಿಯಾದ ಬಾಕ್ಸಿನಲ್ಲಿ ಬೆಳೆದ ಗ್ಯಾರಿ ಗೇಟ್ 1988ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪರ ಆಡುತ್ತ ಗೋಲಿನ ಹಿಂದಿನಿಂದ ನೆಗೆದು ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಒಳಕ್ಕೆ ತುರುಕಿದ್ದು ಈಗಲೂ ಮಾತಿಗೆ ಬರುತ್ತದೆ. ಇಷ್ಟೆಲ್ಲ ಒಂದೇ ಕೈಯಲ್ಲಿ ಸಾಧ್ಯವಿದ್ದರೆ ಎರಡನೆಯದರ ಗೊಡವೆ ಯಾಕೆ? ಅವರ ಆ ಕೈ ಪಳಗಿದ್ದೂ ಇಕ್ಕಟ್ಟಿನಲ್ಲಿ ಚೆಂಡು ಪದೇ ಪದೇ ಬಲೆಗೆ ಬಂದದ್ದರಿಂದಲೇ, ಹಾಗಾಗಿ ಮೂಲ ವಾದಕ್ಕೆ ಅದು ಪುರಾವೆಯೇ ಆಗುತ್ತದೆ. ಚಿಕ್ಕವರನ್ನು ಚಳಿಗಾಲದಲ್ಲಿ ಬಾಕ್ಸಿಗೆ ಕಳಿಸುವುದು ಒಳ್ಳೆಯದೇ. ಆದರೆ ಒಂದು ಬದಿಗೆ ಅಂಟಿಕೊಂಡು ನಿಲ್ಲುವ ಸೌಕರ್ಯ 110 ಗಜ ಉದ್ದದ ಮೈದಾನದಲ್ಲಿಲ್ಲ. ಎದುರಾಳಿಗೆ ಬಲಗೈ ಮಾತ್ರ ಬರುತ್ತದೆಂದು ತಿಳಿದ ಡಿಫೆಂಡರ್ ಆ ಬದಿಯನ್ನೇ ಮುಚ್ಚಿ ನಿಲ್ಲುತ್ತಾನೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಆರಿಸಿಕೊಂಡಿರುವ ಸಿಕ್ಸಸ್ ಮಾದರಿಯಲ್ಲೂ ತಂಡಕ್ಕೆ ಆರೇ ಮಂದಿ. ದೊಡ್ಡ ಮೈದಾನದ ಆಟದಲ್ಲಿ ಡಿಫೆಂಡರ್‌ಗಳು ಹಿಡಿಯುವ ಉದ್ದನೆಯ ಕೋಲು ಅಲ್ಲಿಲ್ಲ. ದಾಳಿಗೊಬ್ಬ, ರಕ್ಷಣೆಗೊಬ್ಬ ಎಂದು ಕೂರಿಸುವಂತಿಲ್ಲ. ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿಗೆ ಹೊಡೆಯಬೇಕು. ಈಗ ಹನ್ನೆರಡು ಹದಿಮೂರರ ವಯಸ್ಸಿನವರು ಮುಂದೆ ಆಡಬೇಕಾದ ಆಟ ಇದೇ ಇದ್ದೀತು. ಅಲ್ಲಿ ಪ್ರತಿಯೊಬ್ಬನ ಎರಡೂ ಕೈ ಪಳಗಿರಬೇಕು. ಮುಂದಿನ ಟೂರ್ನಿಗೆ ಹೆಸರು ಬರೆಸುವ ಮೊದಲು ಮನೆ ಹತ್ತಿರ ಕಿಟಕಿಯಿಲ್ಲದ ಗೋಡೆ ಯಾವುದಿದೆ ಎಂದು ಅಪ್ಪ ಅಮ್ಮಂದಿರು ಒಂದು ಸುತ್ತು ಹಾಕಿ ನೋಡಲಿ.