ಬೆಟ್ಟ ಯಾರ ಲೆಕ್ಕಕ್ಕೆ?

ಆಂಧ್ರದ ಆದೋನಿ ಸೀಮೆಯಲ್ಲಿ ಪರಿಸರದ ಮಾತು ಬಂದರೆ ದೂರು ಹೋಗುವುದು ಸಣ್ಣವರ ಮೇಲೆ. ಕ್ರಷರ್ ಇಟ್ಟವನು, ರಾತ್ರಿ ಹೊತ್ತು ಗರಸು ತೋಡುವವನು, ಹಗರಿ ನದಿಯ ಮರಳು ಸಾಗಿಸುವವನು. ರಸ್ತೆ, ರೈಲು ಮಾರ್ಗ, ಗಾಳಿಯಂತ್ರ ಕಟ್ಟುವ ದೊಡ್ಡ ಕಂಪನಿಗಳು ಹಾಗಲ್ಲ ಎನ್ನುತ್ತಾರೆ. ಅವುಗಳಿಗೆ ಐಎಸ್‌ಒ 14001 ಎಂಬ ಪರಿಸರ ನಿರ್ವಹಣಾ ಪ್ರಮಾಣಪತ್ರವಿದೆ, ಪ್ರತ್ಯೇಕ ಪರಿಸರ ಅಧಿಕಾರಿ ಇದ್ದಾರೆ, ವರ್ಷಕ್ಕೊಂದು ಸುಸ್ಥಿರತಾ ವರದಿ ಬರುತ್ತದೆ. ಓದಿದವರೂ ಅಧಿಕಾರಿಗಳೂ ಸಲೀಸಾಗಿ ಒಪ್ಪಿಕೊಂಡಿರುವ ಈ ವಿಂಗಡಣೆಯನ್ನು ನಾನು ಒಪ್ಪಲಾರೆ. ದೊಡ್ಡ ಕಂಪನಿಯ ಶಿಸ್ತನ್ನು ನಾನು ಅಲ್ಲಗಳೆಯುತ್ತಿಲ್ಲ. ಧೂಳೆಬ್ಬಿಸುವ ಕೆಲಸವೆಲ್ಲ ಇನ್ನೊಬ್ಬರ ಹೆಸರಿನಲ್ಲಿ ನಡೆಯುವುದರಿಂದಲೇ ಆ ಶಿಸ್ತು ಉಳಿದಿದೆ ಎಂಬುದು ನನ್ನ ವಾದ.

ರಸ್ತೆ ಬೇಡ, ಕಾಲುವೆ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಇಲ್ಲದೆ ಆದೋನಿ, ಎಮ್ಮಿಗನೂರುಗಳ ಬದುಕನ್ನು ಊಹಿಸುವುದೇ ಕಷ್ಟ. ಆಲೂರಿನಿಂದ ಆದೋನಿ ಹಾದು ಮಂತ್ರಾಲಯದತ್ತ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿ ಹತ್ತಿ ಬೆಳೆಗಾರನಿಗೆ ಎಷ್ಟು ಮುಖ್ಯವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಟ್ಟುವ ಕೆಲಸದ ಮೇಲೆ ಗೌರವ ಇರುವುದರಿಂದಲೇ ಅದರ ಲೆಕ್ಕ ಪೂರ್ತಿಯಾಗಿರಬೇಕೆಂದು ಕೇಳುತ್ತಿದ್ದೇನೆ.

ಈಗಿನ ಲೆಕ್ಕ ಹೇಗಿದೆ ನೋಡಿ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2021ರಲ್ಲಿ ತಂದ ಬಿಆರ್‌ಎಸ್‌ಆರ್ ಎಂಬ ವರದಿ ಮಾದರಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಲಿಸ್ಟೆಡ್ ಕಂಪನಿಗಳಿಗೆ 2022-23ರಿಂದ ಕಡ್ಡಾಯವಾಗಿದೆ. ತಾನು ಸುಟ್ಟ ಡೀಸೆಲ್, ಕೊಂಡ ಕರೆಂಟು, ಬಳಸಿದ ನೀರು, ಎಸೆದ ತ್ಯಾಜ್ಯ ಇವನ್ನು ಕಂಪನಿ ಹೇಳಲೇಬೇಕು. ಸಾಮಗ್ರಿ ಪೂರೈಸುವವರ ಕಡೆ ಆಗುವ ಹೊರಸೂಸುವಿಕೆಯನ್ನು ಇಷ್ಟವಿದ್ದರೆ ಹೇಳಬಹುದು. ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ನಿಮ್ಮ ಕೆಲಸ ಇದೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಆದರೆ ಆ ಸೂಕ್ಷ್ಮತೆಗೆ ಸರ್ಕಾರದ ಮೊಹರು ಬೇಕು. ಹೊಳಗುಂದದ ಹುಲ್ಲುಗಾವಲಿಗೂ ಆಸ್ಪರಿಯ ಕಲ್ಲುಗುಡ್ಡಕ್ಕೂ ಆ ಮೊಹರು ಇಲ್ಲ. ಅಲ್ಲಿಗೆ ‘ಅನ್ವಯಿಸುವುದಿಲ್ಲ’ ಎಂದು ಬರೆದರೆ ಅದು ಸುಳ್ಳೂ ಅಲ್ಲ. ಸುಳ್ಳಿಲ್ಲದ ವರದಿಯಲ್ಲಿ ಒಂದು ಬೆಟ್ಟವೇ ಕಾಣೆಯಾಗುತ್ತದೆ.

ಇದಕ್ಕೆ ಕಂಪನಿಗಳ ಕಡೆಯವರು ಕೊಡುವ ಉತ್ತರ ಎಲ್ಲರಿಗೂ ಗೊತ್ತು: ‘ಜಲ್ಲಿ ಕೊಳ್ಳುವುದು ಮಾತ್ರ ನಾವು. ಅದನ್ನು ಯಾವ ಗುಡ್ಡದಿಂದ ಹೇಗೆ ತಂದರೆಂದು ನೋಡಲು ಸಾಧ್ಯವೇ?’ ಈ ಉತ್ತರವೇ ಇಡೀ ಚರ್ಚೆಯ ದುರ್ಬಲ ಕೊಂಡಿ. ಹೆದ್ದಾರಿ ಗುತ್ತಿಗೆಯಲ್ಲಿ ಮೂಲ ಗೊತ್ತಿಲ್ಲದ ಕಲ್ಲಿಗೆ ಜಾಗವಿಲ್ಲ. ಜಲ್ಲಿ ರಸ್ತೆಗೆ ಬೀಳುವ ಮುಂಚೆ ಯಾವ ಕ್ವಾರಿ ಎಂದು ಗುತ್ತಿಗೆದಾರ ಲಿಖಿತವಾಗಿ ತಿಳಿಸಬೇಕು. ಅಲ್ಲಿಂದ ಮಾದರಿ ತಂದು ಲ್ಯಾಬಿನಲ್ಲಿ ಪೆಟ್ಟು ತಾಳುವ ಶಕ್ತಿ, ಸವೆತ, ನೀರು ಹೀರುವ ಗುಣ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಎಂಜಿನಿಯರ್ ಸಹಿ ಹಾಕಿದ ಮೇಲೆಯೇ ಆ ಮೂಲ ಒಪ್ಪಿತ. ಗರಸಿಗೂ ಇದೇ ಕ್ರಮ. ಆಮೇಲೆ ಪ್ರತಿ ಟಿಪ್ಪರಿಗೂ ವೇಬ್ರಿಡ್ಜ್ ಚೀಟಿ, ಗಣಿ ಇಲಾಖೆಯ ಪರ್ಮಿಟ್, ರಾಯಲ್ಟಿ ರಸೀದಿ. ಕಲ್ಲಿನ ಗಟ್ಟಿತನ ತಿಳಿಯಲು ಕ್ವಾರಿಯವರೆಗೆ ಹೋಗುವ ಕಂಪನಿಗೆ ಅದೇ ಕ್ವಾರಿಯ ಬದಿಯ ಹೊಲದಲ್ಲಿ ಏನಾಗಿದೆ ಎಂದು ಮಾತ್ರ ಕಾಣುವುದಿಲ್ಲವೆಂದರೆ ನಂಬುವುದು ಹೇಗೆ? ಮಾಹಿತಿ ಫೈಲಿನಲ್ಲೇ ಇದೆ. ಅದನ್ನು ಗುಣಮಟ್ಟಕ್ಕೂ ಬಿಲ್ಲಿಗೂ ಬಳಸುತ್ತಾರೆ, ಹೊಣೆಗಾರಿಕೆಗೆ ಬಳಸುವುದಿಲ್ಲ.

ಹೊಲದಲ್ಲಿ ಆಗುವುದು ಸಣ್ಣದಲ್ಲ. ಜಲ್ಲಿಪುಡಿ ಎಲೆಯ ಮೇಲೆ ಕೂತರೆ ಗಿಡ ಸೊರಗುತ್ತದೆ, ಒಡೆದ ಕಾಯಿಯ ಮೇಲೆ ಕೂತರೆ ಹತ್ತಿ ಮಾಸುತ್ತದೆ. ಮಾಸಿದ ಹತ್ತಿಗೆ ಆದೋನಿ ಯಾರ್ಡಿನಲ್ಲಿ ಯಾರೂ ಒಳ್ಳೆಯ ರೇಟು ಕೂಗುವುದಿಲ್ಲ. ಕ್ರಷರಿನಲ್ಲಿ ದುಡಿಯುವವರ ಎದೆಗೆ ಇಳಿಯುವ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್‌ಗಂತೂ ಮದ್ದೇ ಇಲ್ಲ.

ಕಾನೂನು ಕಂಪನಿಗಳ ಈ ಕುರುಡುತನವನ್ನು ಪೋಷಿಸಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗಗಳೇ ಇಲ್ಲ. 2013ರ ತಿದ್ದುಪಡಿಯ ಮೇಲೆ, ಹಳೆಯ ಜಾಡಿನಲ್ಲೇ ಅಗಲವಾಗುವ ರಾಷ್ಟ್ರೀಯ ಹೆದ್ದಾರಿ 100 ಕಿಲೋಮೀಟರಿಗಿಂತ ಉದ್ದವಿದ್ದು, ಹೆಚ್ಚುವರಿ ಜಾಗ 40 ಮೀಟರ್ ಮೀರಿದರೆ ಮಾತ್ರ ಪೂರ್ವಾನುಮತಿ ಬೇಕು. 2020ರ ಮಾರ್ಚ್ 28ರಂದು ಕೇಂದ್ರ ಪರಿಸರ ಸಚಿವಾಲಯ ರಸ್ತೆ, ಪೈಪ್‌ಲೈನುಗಳಂಥ ಯೋಜನೆಗಳಿಗೆ ಮಣ್ಣು ತೋಡುವುದಕ್ಕೂ ವಿನಾಯಿತಿ ಕೊಟ್ಟಿತು. ಎಷ್ಟು ಮಣ್ಣು, ಎಲ್ಲಿಂದ ಎಂಬ ಮಿತಿಯೇ ಇರಲಿಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಆ ನಾಲ್ಕು ವರ್ಷ ವಿನಾಯಿತಿಯ ನೆರಳಿನಲ್ಲಿ ತೋಡಿದ ಗುಂಡಿಗಳು ದೇಶದ ಉದ್ದಗಲಕ್ಕೂ ಹಾಗೇ ಇವೆ. ಅವು ಯಾವ ಕಂಪನಿಯ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಗಾಳಿಯಂತ್ರ. ಆಲೂರು, ಆಸ್ಪರಿ ಕಡೆಯ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳನ್ನು ಪರಿಸರಸ್ನೇಹಿ ಎಂದು ಹೊಗಳುವವರ ಜೊತೆ ಅರ್ಧ ದಾರಿ ನಾನೂ ಬರುತ್ತೇನೆ. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದರ ಹಾರುಬೂದಿಯನ್ನು ಕಂಡವರು ಗಾಳಿಯ ಕರೆಂಟನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಪವನ ವಿದ್ಯುತ್ ಕೂಡ 2006ರ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ಕಾನೂನಿನಡಿ ಪರಿಣಾಮದ ಅಧ್ಯಯನವಿಲ್ಲ, ಜನರ ಅಹವಾಲು ಕೇಳುವ ಸಭೆಯಿಲ್ಲ. ಒಂದೊಂದು ಕಂಬದ ಬುಡಕ್ಕೆ ನೂರಾರು ಘನಮೀಟರ್ ಕಾಂಕ್ರೀಟ್, ಉದ್ದನೆಯ ರೆಕ್ಕೆ ಹೊತ್ತ ಟ್ರೇಲರ್ ಏರಲು ಗುಡ್ಡ ಕಡಿದ ದಾರಿ, ಮಳೆ ಬಂದರೆ ಆ ದಾರಿಯ ಸಡಿಲ ಮಣ್ಣು ಕೆಳಗಿನ ಹಳ್ಳಕ್ಕೆ. ಸರ್ಕಾರಿ ದಾಖಲೆ ಬಂಜರು ಎನ್ನುವ ಜಾಗದಲ್ಲಿ ಕುರುಬರ ಕುರಿ ಮೇಯುತ್ತವೆ, ಕೃಷ್ಣಮೃಗದ ಹಿಂಡು ಓಡಾಡುತ್ತದೆ. ಹುಲ್ಲು ಕಿರಿದಾದರೆ ಜಿಂಕೆ ಹೊಲಕ್ಕೆ ನುಗ್ಗುತ್ತದೆ, ನಷ್ಟ ರೈತನಿಗೆ. ಗಡಿಯಾಚೆ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಗೆ ವಿದ್ಯುತ್ ತಂತಿ ಸಾವಿನ ಬಲೆ. ಇಂಗಾಲದ ಲೆಕ್ಕದಲ್ಲಿ ಗೆದ್ದ ಯೋಜನೆ ಹುಲ್ಲು, ನೀರು, ಮಣ್ಣಿನ ಲೆಕ್ಕದಲ್ಲೂ ಗೆದ್ದಿದೆ ಎಂದುಕೊಳ್ಳುವುದು ಸೋಮಾರಿತನ.

ನಿಯಂತ್ರಣ ಸರ್ಕಾರದ ಕೆಲಸವಲ್ಲವೇ ಎಂದು ಕೇಳಬಹುದು. ಹೌದು, ಸರ್ಕಾರದ್ದೂ ಹೌದು. ಆದರೆ ಕ್ರಷರಿನವನಿಗೆ ಟನ್ನಿಗೆ ಇಷ್ಟೇ ಎಂದು ದರ ಕಟ್ಟುವ ಕೈ ದೊಡ್ಡ ಕಂಪನಿಯದು. ನೀರು ಚಿಮುಕಿಸುವುದು, ಯಂತ್ರಕ್ಕೆ ಮುಚ್ಚಿಗೆ ಹಾಕುವುದು, ಗುಂಡಿ ಮುಚ್ಚಿ ಮೇಲ್ಮಣ್ಣು ಹರಡುವುದು, ಈ ಯಾವ ಖರ್ಚೂ ಆ ದರದಲ್ಲಿ ಸೇರಿರದಿದ್ದರೆ ಅವನು ಅದನ್ನು ಮಾಡುವುದಿಲ್ಲ, ಮಾಡಲಾರ. ಇಂಥ ಷರತ್ತಿನಿಂದ ಸಣ್ಣವರು ಮುಳುಗುತ್ತಾರೆ ಎಂಬ ಆತಂಕಕ್ಕೆ ನನ್ನ ಉತ್ತರವೂ ಇದೇ: ಷರತ್ತಿನ ಜೊತೆ ದರವೂ ಏರಲಿ. ಕಿಲೋಮೀಟರಿಗೆ ಕೋಟಿಗಟ್ಟಲೆ ಸುರಿಯುವ ರಸ್ತೆಗೆ ಅದು ಹೊರಲಾಗದ ಭಾರವಲ್ಲ.

ನಮ್ಮ ಕಡೆಯ ಓದುಗರಲ್ಲಿ ಒಂದು ವಿನಂತಿ. ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆ, ರೈಲ್ವೆ ಮೂರೂ 2005ರ ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟಿವೆ. ನಿಮ್ಮೂರ ಪಕ್ಕದ ಕಾಮಗಾರಿಗೆ ಒಪ್ಪಿಗೆಯಾದ ಜಲ್ಲಿ, ಗರಸಿನ ಮೂಲಗಳ ಪಟ್ಟಿಯನ್ನೂ, ಕೆಲಸ ಮುಗಿದ ಮೇಲೆ ಆ ಗುಂಡಿಗಳನ್ನು ಮುಚ್ಚಿದ್ದಕ್ಕೆ ದಾಖಲೆಯನ್ನೂ ಒಂದೇ ಅರ್ಜಿಯಲ್ಲಿ ಕೇಳಿ. ಅರ್ಜಿಯ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ.