ಕೊಳಗ ದೊಡ್ಡದು, ಅಕ್ಕಿ ಅಷ್ಟೇ

ಹಳೆಯ ಧ್ವನಿಮುದ್ರಣಗಳು ಈಗ ಹೊಸ ಬಿರುದು ಧರಿಸಿ ಮಾರುಕಟ್ಟೆಗೆ ಬರುತ್ತಿವೆ: '24 ಬಿಟ್, 96 ಕಿಲೋಹರ್ಟ್ಸ್', ಕೆಲವಕ್ಕೆ 192. ಬೆಲೆಯೂ ಬಿರುದಿಗೆ ತಕ್ಕಂತೆ. ಸಂಗೀತಪ್ರಿಯರಾದ ವಾಚಕರು ಹಣ ತೆರುವ ಮೊದಲು ಈ ಅಂಕಿಗಳನ್ನು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಡಿಜಿಟಲ್ ಮುದ್ರಣದಲ್ಲಿ ಧ್ವನಿತರಂಗವನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆದು, ಪ್ರತಿ ಅಳತೆಯನ್ನೂ ಸಂಖ್ಯೆಯಾಗಿ ಬರೆದಿಡುತ್ತಾರೆ. 1982ರಲ್ಲಿ ಮಾರಾಟಕ್ಕೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆ. ಒಂದೊಂದೂ 16 ಬಿಟ್. ಅಳತೆಯ ದರದ ಅರ್ಧಕ್ಕಿಂತ ಕೆಳಗಿನ ಕಂಪನವನ್ನೆಲ್ಲ ಪೂರ್ಣವಾಗಿ ಮರಳಿ ಪಡೆಯಬಹುದೆಂಬುದು ಗಣಿತಸಿದ್ಧ. ಎಂದರೆ ಸಿ.ಡಿ.ಗೆ ಸುಮಾರು 22,000 ಹರ್ಟ್ಸ್‌ವರೆಗೂ ಎಟುಕುತ್ತದೆ. ಎಳೆಯರ ಕಿವಿಯೇ 20,000ದ ಆಸುಪಾಸಿನಲ್ಲಿ ಕದ ಮುಚ್ಚುತ್ತದೆ. ನಮ್ಮ ಸಭೆಗಳ ಮುಂದಿನ ಸಾಲಿನ ಹಿರಿಯರ ಮಾತು ಬೇಡ! ಅಳತೆಗಳ ನಡುವೆ ಮೀಂಡು ತುಂಡಾಗಿ ಮೆಟ್ಟಿಲಾಗುತ್ತದೆ ಎನ್ನುವವರಿದ್ದಾರೆ. ಮೆಟ್ಟಿಲು ಪುಸ್ತಕದ ಚಿತ್ರದಲ್ಲಿ ಮಾತ್ರ. ಯಂತ್ರದಿಂದ ಹೊರಬರುವ ತರಂಗ ನುಣುಪಾಗಿಯೇ ಇರುತ್ತದೆ.

ಬಿಟ್ಟಿನ ಕಥೆ ಬೇರೆ. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್, ಹೀಗೆ 16ಕ್ಕೆ 96, 24ಕ್ಕೆ 144. ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವೆ ಇರುವ ಜಾಗವಿದು. ಅರಗಿನ 78ರ ತಟ್ಟೆ ತನ್ನದೇ ಸರಸರ ಸದ್ದಿನಿಂದಾಗಿ 96ರ ಅರ್ಧವನ್ನು ಮುಟ್ಟಿದರೇ ಹೆಚ್ಚು.

ಬಾಸ್ಟನ್ನಿನಲ್ಲಿ ಮೇಯರ್ ಮತ್ತು ಮೋರನ್ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೆಚ್ಚಿನ ದರದ ಮುದ್ರಣವನ್ನೂ, ಅದನ್ನೇ ಸಿ.ಡಿ. ಮಟ್ಟಕ್ಕಿಳಿಸಿದ್ದನ್ನೂ ಗುಟ್ಟಾಗಿ ಕೇಳಿಸಿದರು. 554 ಸಲದಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಜೋಶುವಾ ರೀಸ್ 2016ರಲ್ಲಿ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ ಶೇಕಡ 52.3 ಸಿಕ್ಕಿತು. ವ್ಯತ್ಯಾಸವೇ ಇಲ್ಲವೆನ್ನಲಾಗದು, ಆದರೆ ಅದಕ್ಕಾಗಿ ದುಪ್ಪಟ್ಟು ಬೆಲೆ ಕೊಡಲು ಈ ಲೇಖಕ ಸಿದ್ಧನಿಲ್ಲ.

ಹಾಗೆಂದು ದೊಡ್ಡ ಅಂಕಿ ವ್ಯರ್ಥವಲ್ಲ. ಸಂಗ್ರಹಾಲಯದಲ್ಲಿ ತಟ್ಟೆಯನ್ನು ಮೊದಲ ಸಲ ಇಳಿಸಿಕೊಳ್ಳುವಾಗ 24 ಬಿಟ್, 96 ಕಿಲೋಹರ್ಟ್ಸ್ ಬೇಕೇ ಬೇಕು. ಗೀರಿನ 'ಚಟ್' ಸದ್ದು ಗಾಯನದ ಎಲ್ಲೆ ಮೀರಿ ಮೇಲಕ್ಕೂ ಹರಡುವುದರಿಂದ ಅದನ್ನು ಗುರುತಿಸಿ ತೆಗೆಯಲು ಅನುಕೂಲ. ಕೆಡುವುದು ಆಮೇಲೆ. ಸರಸರವನ್ನು ಪೂರ್ತಿ ಒರೆಸುವ ಉತ್ಸಾಹದಲ್ಲಿ ತಂಬೂರಿಯ ಝೇಂಕಾರವೂ ಹೋಗುತ್ತದೆ, ಗಾಯಕರ ಉಸಿರೂ ಹೋಗುತ್ತದೆ. ಉಳಿದದ್ದನ್ನು ಒಂದೇ ಸಮ ಗಟ್ಟಿ ಮಾಡಿ ಮಾರುತ್ತಾರೆ. ಇನ್ನು ವೇಗ: 78 ಸುತ್ತಿನದನ್ನು 82ಕ್ಕೆ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಏರುತ್ತದೆ. ಇದನ್ನು ಯಾವ ಬಿಟ್ಟೂ ಸರಿಪಡಿಸದು.

ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ತಟ್ಟೆಗಳನ್ನು ಕೊಟ್ಟರು. ಅಲ್ಲಿರುವುದು ತೆಳುವಾದ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ಬಳಿಕ ಬಂದ, ನಾವೆಲ್ಲ ಬಲ್ಲ ಆ ಗಂಭೀರ ದನಿಯಲ್ಲ. ಮೊದಲಿನ ಕಂಠಕ್ಕೆ ಆ ಮೂರು ಮೂರು ನಿಮಿಷಗಳೇ ಸಾಕ್ಷಿ. ಅದನ್ನು ತಪ್ಪು ವೇಗದಲ್ಲಿ ಇಳಿಸಿ, ಒರೆಸಿ, '192' ಎಂದು ಅಚ್ಚೊತ್ತಿದರೆ ನಾಳಿನವರು ಕೇಳುವುದು ಯಾರ ದನಿ?

ಆದ್ದರಿಂದ ಪ್ರಕಾಶಕರು ಹೊದಿಕೆಯ ಮೇಲೆ ತಟ್ಟೆ ತಿರುಗಿಸಿದ ವೇಗವನ್ನೂ, ಯಾವ ಪ್ರತಿಯಿಂದ ಇಳಿಸಿದರೆಂಬುದನ್ನೂ, ಏನೇನು ಶೋಧಿಸಿದರೆಂಬುದನ್ನೂ ನಮೂದಿಸಲಿ. ಒರೆಸದ ಪ್ರತಿಯೊಂದನ್ನು ಜೊತೆಗಿಡಲಿ. 16 ಬಿಟ್ಟಿನಲ್ಲಿದ್ದರೂ ಸರಿಯೇ.