ಚಂದಾ ಮುಗಿಯದ ಕರಾರು

ಪ್ರತಿ ತಿಂಗಳೂ ಈ ಪುಟಗಳಲ್ಲಿ ಕಥೆ, ಕವನ, ಕಾದಂಬರಿಗಳ ಗುಣದೋಷಗಳನ್ನು ಚರ್ಚಿಸುವುದು ವಾಡಿಕೆ. ಈ ಸಲ ನಾವು ಕೈಗೆತ್ತಿಕೊಂಡಿರುವ ಬರಹಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ. ಆದರೂ ನಮ್ಮ ಸದಸ್ಯರ ಮನೆಗಳಲ್ಲಿ ಇದಕ್ಕೆ ಒಪ್ಪಿಗೆ ಕೊಡದವರು ವಿರಳ. ಓದಿದವರು ಇನ್ನೂ ವಿರಳ. ಟೀವಿಯಲ್ಲೋ ಫೋನಿನಲ್ಲೋ ಸಿನಿಮಾ ತೋರಿಸುವ ಸ್ಟ್ರೀಮಿಂಗ್ ಸಂಸ್ಥೆಗಳು ಚಂದಾದಾರರೊಡನೆ ಮಾಡಿಕೊಳ್ಳುವ ಕರಾರೇ ಆ ಬರಹ.

ಅದನ್ನು ಓದುವ ಪ್ರಸಂಗ ಬಂದದ್ದು ಹೀಗೆ. ಊರಿನಿಂದ ಬಂದಿದ್ದ ನಮ್ಮ ತಾಯಿಯವರು ಕನ್ನಡ ಚಿತ್ರ ನೋಡಲೆಂದು ಇಂಥ ಒಂದು ಸಂಸ್ಥೆಗೆ ವರ್ಷದ ಚಂದಾ ಕಟ್ಟಿದೆವು. ಹೈದರಾಬಾದಿನ ಟಾಕೀಸುಗಳಿಗೆ ಕನ್ನಡ ಚಿತ್ರ ಬಂದರೂ, ನಾವು ಕಾಚಿಗುಡದಿಂದ ಹೊರಡುವ ಯೋಚನೆ ಮಾಡುವಷ್ಟರಲ್ಲಿ ಅದು ಊರು ಬಿಟ್ಟಿರುತ್ತದೆ. ಆದ್ದರಿಂದ ಈ ಏರ್ಪಾಡು ವರವೆಂದೇ ತೋರಿತು. ಮಳೆಗಾಲ ಕಳೆದು ತಾಯಿಯವರು ರಾಯಚೂರಿಗೆ ಮರಳಿದ ಮೇಲೆ ಟೀವಿಯಿಂದ ಆ ಆ್ಯಪನ್ನು ಅಳಿಸಿಹಾಕಿದೆವು. ಅಲ್ಲಿಗೆ ವ್ಯವಹಾರ ಮುಗಿಯಿತೆಂದು ನಮ್ಮ ಭಾವನೆ. ವರ್ಷ ತುಂಬಿದ ದಿನ ಖಾತೆಯಿಂದ ಮತ್ತೊಂದು ವರ್ಷದ ಹಣ ಹೋಗಿತ್ತು. ಕೇಳಲು ಹೋದರೆ ಸಂಸ್ಥೆಯವರು ಕರಾರಿನ ಕಲಮನ್ನೇ ತೋರಿಸಿದರು. ಚಂದಾ ತಾನಾಗಿ ಮುಂದುವರಿಯುತ್ತದೆ, ಕಟ್ಟಿದ ಹಣ ಹಿಂತಿರುಗದು ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಏನನ್ನೂ ಮುಚ್ಚಿಟ್ಟಿರಲಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಆದರೆ ಮುಚ್ಚಿಡದಿರುವುದೇ ಬರಹದ ಸದ್ಗುಣವಾಗುವುದಿಲ್ಲ. ಚಂದಾ ಎಂಬ ಮಾತು ನಮಗೆ ಹೊಸದಲ್ಲ. ವಾರಪತ್ರಿಕೆಗೆ ವರ್ಷದ ಚಂದಾ ಕಟ್ಟಿದರೆ ಕೊನೆಯ ಸಂಚಿಕೆಯೊಡನೆ "ಈ ಅಂಕಕ್ಕೆ ತಮ್ಮ ಚಂದಾ ಮುಗಿಯಿತು" ಎಂಬ ಚೀಟಿ ಬರುತ್ತಿತ್ತು. ಮತ್ತೆ ಮನಿಯಾರ್ಡರು ಮಾಡಿದರೆ ಪತ್ರಿಕೆ, ಸುಮ್ಮನಿದ್ದರೆ ಇಲ್ಲ. ಪೇಪರಿನ ಹುಡುಗನಿಗಾದರೂ ಬಾಗಿಲಲ್ಲಿ ನಿಂತು "ನಾಳೆಯಿಂದ ಬೇಡಪ್ಪಾ" ಎಂದರೆ ಸಾಕಾಗಿತ್ತು. ಈ ಹೊಸ ಕರಾರು ಅದೇ ಪದವನ್ನು ಇಟ್ಟುಕೊಂಡು ಅರ್ಥವನ್ನು ತಲೆಕೆಳಗು ಮಾಡಿದೆ. ಮೊದಲು ನಮ್ಮ ಮೌನಕ್ಕೆ 'ಬೇಡ' ಎಂದರ್ಥವಿತ್ತು, ಈಗ 'ಬೇಕು' ಎಂದರ್ಥ. ಮೌನಂ ಸಮ್ಮತಿ ಲಕ್ಷಣಂ ಎಂದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೇಳುತ್ತಿದ್ದರು. ಅದನ್ನು ಬ್ಯಾಂಕಿನ ಖಾತೆಗೆ ಅನ್ವಯಿಸಬಹುದೆಂದು ಯಾರೂ ಊಹಿಸಿರಲಾರರು.

ಕರಾರಿನ ಭಾಷೆಯನ್ನೂ ಗಮನಿಸತಕ್ಕದ್ದು. ನಾವು ಓದಿದ ಪ್ರತಿ ಇಂಗ್ಲಿಷಿನಲ್ಲಿತ್ತು. ಚಿತ್ರ ಕನ್ನಡದ್ದು, ಜಾಹೀರಾತು ಕನ್ನಡದಲ್ಲಿ. ಕರಾರಿಗೆ ಮಾತ್ರ ಕನ್ನಡ ಬಾರದು! ಅದರ ವ್ಯಾಕರಣ ಇನ್ನೂ ಸ್ವಾರಸ್ಯವಾದದ್ದು. ಸಂಸ್ಥೆಯ ವಿಷಯ ಬಂದಾಗಲೆಲ್ಲ ಕ್ರಿಯಾಪದ 'ಮಾಡಬಹುದು'. ಚಂದಾದಾರನ ವಿಷಯ ಬಂದಾಗ 'ಮಾಡತಕ್ಕದ್ದು'. ಬೆಲೆ ಬದಲಿಸಬಹುದು, ಚಿತ್ರಗಳನ್ನು ತೆಗೆಯಬಹುದು, ಸೌಲಭ್ಯಗಳನ್ನು ಮಾರ್ಪಡಿಸಬಹುದು.

ಇದು ಬರೀ ಕಾಗದದ ಮಾತಲ್ಲ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ 'ಕಾಂತಾರ' ಅದೇ ನವೆಂಬರ್ 24ರಂದು ಪ್ರೈಮ್ ವಿಡಿಯೊದಲ್ಲಿ ಬಂದಾಗ, ಟಾಕೀಸಿನಲ್ಲಿ ಮೈನವಿರೇಳಿಸಿದ್ದ 'ವರಾಹ ರೂಪಂ' ಬೇರೊಂದು ಧಾಟಿಯಲ್ಲಿತ್ತು. ಅದು ತಮ್ಮ ಹಾಡಿನ ಅನುಕರಣೆಯೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಗಿತ್ತು. ಕಾರಣವೇನೇ ಇರಲಿ, ಆ ಹಾಡಿಗೆಂದೇ ಕಾದಿದ್ದ ಚಂದಾದಾರರಿಗೆ ಕೇಳುವ ಹಕ್ಕು ಕರಾರಿನಲ್ಲಿರಲಿಲ್ಲ. 2025ರ ಜೂನ್ 17ರಿಂದ ಅದೇ ಪ್ರೈಮ್ ವಿಡಿಯೊ ಭಾರತದಲ್ಲಿ ಚಿತ್ರಗಳ ನಡುವೆ ಜಾಹೀರಾತು ತೋರಿಸತೊಡಗಿತು. ಬೇಡವೆನ್ನುವವರು ವರ್ಷಕ್ಕೆ 699 ರೂಪಾಯಿ, ಇಲ್ಲವೆ ತಿಂಗಳಿಗೆ 129 ರೂಪಾಯಿ ಹೆಚ್ಚು ಕೊಡಬೇಕೆಂದಿತು. 'ಮಾರ್ಪಡಿಸಬಹುದು' ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಟೀಕೆ ದೊರೆಯದು.

ಇನ್ನು ವಲಸೆ ಬಂದ ನಮ್ಮಂಥವರನ್ನು ನೇರವಾಗಿ ತಟ್ಟುವ ಒಂದು ಪದವಿದೆ, 'ಮನೆ'. ನೆಟ್‌ಫ್ಲಿಕ್ಸ್ 2023ರ ಜುಲೈಯಲ್ಲಿ ಭಾರತದ ಚಂದಾದಾರರಿಗೂ ತಿಳಿಸಿದ ನಿಯಮದಂತೆ ಒಂದು ಖಾತೆ ಒಂದು ಮನೆಯಲ್ಲಿ ಒಟ್ಟಿಗೆ ವಾಸಿಸುವವರಿಗೆ ಮಾತ್ರ. ಮಗ ಮಾಧಾಪುರದಲ್ಲಿ, ಮಗಳು ಪುಣೆಯಲ್ಲಿ, ತಂದೆತಾಯಿ ಧಾರವಾಡದಲ್ಲಿ ಇರುವ ಸಂಸಾರವನ್ನು ನಾವು ಒಂದೇ ಮನೆ ಎನ್ನುತ್ತೇವೆ. ಲಗ್ನಪತ್ರಿಕೆಯಲ್ಲಿಯೂ ಹಾಗೆಯೇ ಅಚ್ಚು ಹಾಕಿಸುತ್ತೇವೆ. ಕರಾರಿನ ಲೆಕ್ಕದಲ್ಲಿ ಅವು ಮೂರು ಮನೆಗಳು. ಸಂಸ್ಥೆಯ ವ್ಯಾಪಾರದ ದೃಷ್ಟಿಯಿಂದ ಇದು ತಪ್ಪೆನ್ನಲಾರೆವು. ಆದರೆ ಅಜ್ಜಿಗೆಂದು ಚಂದಾ ಕಟ್ಟುವ ಮುಂಚೆ ಈ ಪದದ ಅರ್ಥ ತಿಳಿದಿರುವುದು ಲೇಸು.

ಬಿಟ್ಟು ಹೊರಡುವ ಅಧ್ಯಾಯಕ್ಕೆ ಬಂದರೆ, ಅಮೆರಿಕದ ಒಂದು ಮೊಕದ್ದಮೆಯನ್ನು ನೆನೆಯದಿರಲು ಆಗದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ದಾವೆ ಹೂಡಿತು. ಪ್ರೈಮ್ ಚಂದಾ ರದ್ದು ಮಾಡಲು ಗ್ರಾಹಕರು ನಾಲ್ಕು ಪುಟ, ಆರು ಕ್ಲಿಕ್ಕು, ಹದಿನೈದು ಆಯ್ಕೆಗಳನ್ನು ದಾಟಬೇಕಾಗಿತ್ತೆಂದೂ, ಸಂಸ್ಥೆಯ ಒಳಗಿನವರೇ ಆ ಹಾದಿಗೆ 'ಇಲಿಯಡ್' ಎಂದು ಹೆಸರಿಟ್ಟಿದ್ದರೆಂದೂ ಅದರ ಆರೋಪ. ಹತ್ತು ವರ್ಷದ ಯುದ್ಧದ ಮಹಾಕಾವ್ಯದ ಹೆಸರು! ನಮ್ಮವರಾಗಿದ್ದರೆ ಚಕ್ರವ್ಯೂಹವೆಂದು ಕರೆಯುತ್ತಿದ್ದರೇನೋ. ಒಳಗೆ ಹೋಗಲು ಮಾತ್ರ ಅರಿತಿದ್ದ ಅಭಿಮನ್ಯುವಿನ ಪಾತ್ರಕ್ಕೆ ಚಂದಾದಾರರಂತೂ ಸಿದ್ಧರಿದ್ದಾರೆ. ತಪ್ಪೊಪ್ಪಿಕೊಳ್ಳದೆಯೇ ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಜರ್ಮನಿಯಲ್ಲಿ 2022ರ ಜುಲೈ 1ರಿಂದ, ಇಂಥ ಚಂದಾ ಮಾರುವ ಜಾಲತಾಣದಲ್ಲಿ ರದ್ದತಿಯ ಗುಂಡಿ ಕಣ್ಣಿಗೆ ಕಾಣುವಂತಿರಬೇಕೆಂಬ ಕಾನೂನೇ ಇದೆ.

ನಮ್ಮ ದೇಶವೂ ಕೈಕಟ್ಟಿ ಕುಳಿತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿದ್ದಾರೆ. ರದ್ದತಿಯನ್ನು ಜಟಿಲಗೊಳಿಸುವ, ಅದರ ದಾರಿಯನ್ನು ಮರೆಮಾಡುವ 'ಚಂದಾ ಬಲೆ' ಅವುಗಳಲ್ಲಿ ಒಂದು. ಅದಕ್ಕೂ ಮುಂಚೆ, 2021ರ ಅಕ್ಟೋಬರ್ 1ರಿಂದ, ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ತಾನಾಗಿ ಹಣ ಕಡಿತವಾಗುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿವಳಿಕೆ ಬರಬೇಕು. ಅವನು ಆ ಕಂತನ್ನಾಗಲಿ ಇಡೀ ಅನುಮತಿಯನ್ನಾಗಲಿ ನಿಲ್ಲಿಸಬಹುದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ತಿಳಿವಳಿಕೆ ನಮಗೂ ಬಂದಿತ್ತು. ಸಾಲ ಬೇಕೇ, ಸೈಟು ಬೇಕೇ ಎಂಬ ಹತ್ತಾರು ಸಂದೇಶಗಳ ನಡುವೆ ನಾವೇ ಅದನ್ನು ಓದಲಿಲ್ಲ. ತಪ್ಪಿನ ಅರ್ಧ ಪಾಲು ನಮ್ಮದೆನ್ನದೆ ವಿಧಿಯಿಲ್ಲ.

ನಾವು ಎಡವಿದ್ದೆಲ್ಲಿ ಎಂಬುದನ್ನು ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಆ್ಯಪ್ ಅಳಿಸುವುದು, ಹಣದ ಅನುಮತಿ ನಿಲ್ಲಿಸುವುದು, ಚಂದಾ ರದ್ದು ಮಾಡುವುದು ಮೂರೂ ಬೇರೆ ಬೇರೆ. ಅಳಿಸಿದರೆ ಫೋನಿನಲ್ಲಿ ಜಾಗ ಸಿಗುತ್ತದೆ, ಅಷ್ಟೇ. ಯುಪಿಐ ಆಟೋಪೇ ಅಥವಾ ಕಾರ್ಡಿನ ಅನುಮತಿ ನಿಲ್ಲಿಸಿದರೆ ಹಣ ಹೋಗದು. ಆದರೆ ಸಂಸ್ಥೆಯ ಪುಸ್ತಕದಲ್ಲಿ ನಮ್ಮ ಹೆಸರು ಉಳಿದಿರಬಹುದು. ಖಾತೆಯೊಳಗೆ ಹೋಗಿ ರದ್ದು ಮಾಡಿ, ಅದರ ಉತ್ತರವನ್ನು ಕಾದಿಟ್ಟುಕೊಂಡು, ಆಮೇಲೆ ಅನುಮತಿ ನಿಲ್ಲಿಸುವುದು ಸರಿಯಾದ ಕ್ರಮ. ಗೂಗಲ್ ಪ್ಲೇ ಅಥವಾ ಆ್ಯಪಲ್ ಮೂಲಕ ಕೊಂಡಿದ್ದರೆ ಅಲ್ಲಿಯೇ ರದ್ದು ಮಾಡಬೇಕು. ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು.

ನಾವು ಈಗ ರದ್ದು ಮಾಡಿದ್ದೇವೆ. ಹಣ ವಾಪಸಿಲ್ಲವಾದ್ದರಿಂದ ಕರಾರಿನ ಪ್ರಕಾರ ಇನ್ನೂ ಹನ್ನೊಂದು ತಿಂಗಳು ಚಿತ್ರ ನೋಡುವ ಹಕ್ಕಿದೆ. ಸಂಗತಿ ತಿಳಿದ ತಾಯಿಯವರು ಫೋನಿನಲ್ಲಿ, "ದುಡ್ಡು ಸುಮ್ಮನೆ ಯಾಕ ಬಿಡ್ತೀರಿ, ದಸರಾ ಮುಗಿಸಿಕೊಂಡು ನಾನೇ ಬರ್ತೀನಿ, ಆ ಬಂಗಾರದ ಮನುಷ್ಯ ಅದ ಏನು ನೋಡಿಡ್ರಿ" ಎಂದಿದ್ದಾರೆ. ಇನ್ನೂ ಹುಡುಕುತ್ತಿದ್ದೇವೆ.